ಓದು ನಿಂತ ಜಾಗ

20 ಜುಲೈ 1987, ಸೋಮವಾರ

ಬಸವೇಶ್ವರನಗರ. ಸಂಜೆ. ಆಫೀಸಿಗೆ ಹೊಸ ಕೆಲಸ ಬಂದಿದೆ. ವಿಜಯನಗರದ ಗೃಹ ನಿರ್ಮಾಣ ಸಹಕಾರ ಸಂಘವೊಂದು ಕೆಂಗೇರಿಯ ಆಚೆ ಬಡಾವಣೆ ಮಾಡುತ್ತಿದೆ. ನಿವೇಶನಕ್ಕೆ ಅರ್ಜಿ ಹಾಕಿದವರನ್ನೆಲ್ಲ ಅರ್ಜಿ ಸಂಖ್ಯೆಯ ಪ್ರಕಾರ ಜೋಡಿಸಿ ಪಟ್ಟಿ ಮುದ್ರಿಸಿ ಕೊಡಬೇಕು. ಸಂಖ್ಯೆ ಚಿಕ್ಕದಾದಷ್ಟೂ ಅರ್ಜಿ ಹಳೆಯದು. ಹಳೆಯ ಅರ್ಜಿಗೆ ಮೊದಲ ನಿವೇಶನ.

ಪುರುಷೋತ್ತಮ ಸಾರ್ ದೊಡ್ಡ ಕಾರ್ಖಾನೆಯ ಕೆಲಸ ಬಿಟ್ಟು ರಾಜಾಜಿನಗರದಲ್ಲಿ ಮಹಡಿಯ ಮೇಲೆ ಈ ಕಂಪ್ಯೂಟರ್ ಆಫೀಸು ತೆರೆದು ಒಂದು ವರ್ಷವಾಯಿತು. ಎರಡು ಪಿಸಿ, ಒಂದು ಪ್ರಿಂಟರ್, ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕಾದ ಒಂದು ಎ.ಸಿ. ಕೋಣೆ. ಒಳಗೆ ಅವರು ಮತ್ತು ನಾನು. ಹೊರಗಿನ ಕೋಣೆಯಲ್ಲಿ ಬಿಲ್ ಟೈಪ್ ಮಾಡುವ ಹೆಂಗಸು.

ಈ ಪಟ್ಟಿಯ ಪ್ರೋಗ್ರಾಂ ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನೇ ಬರೆಯಬೇಕಂತೆ. ಪೂರ್ತಿ ನಾನೇ. ನಾನು ಸರಿ ಎಂದೆ, ಅಷ್ಟೆ. ಮನೆಗೆ ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆನೇನೋ. ಎದುರು ಕೂತಿದ್ದವರು ಎರಡು ಸಲ ತಿರುಗಿ ನೋಡಿದರು.

ಲೈಬ್ರರಿಯಿಂದ ತಂದ ರಷ್ಯನ್ ಕಾದಂಬರಿ ಅರ್ಧ ಮುಗಿದಿದೆ. ಇಂಗ್ಲಿಷ್ ಮೂಲಕ ಕನ್ನಡಕ್ಕೆ ಬಂದದ್ದು. ಅನುವಾದಕರು ತಮಗೆ ತಿಳಿಯದ ಸಾಲುಗಳನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಿದ್ದಾರೆ ಎಂದು ಅನುಮಾನ. ಕುದುರೆಯ ಮೇಲಿದ್ದವನು ಮುಂದಿನ ಸಾಲಿನಲ್ಲೇ ಊಟಕ್ಕೆ ಕೂತಿದ್ದಾನೆ.

22 ಜುಲೈ, ಬುಧವಾರ

ಇದನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಅಮ್ಮ ಜ್ವರವೇ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಆದ್ದರಿಂದ ಇಲ್ಲಿ.

ಕೀಬೋರ್ಡಿನಲ್ಲಿ 43172 ಎಂದು ಒತ್ತಿದರೆ ಯಂತ್ರಕ್ಕೆ ಬರುವುದು ಸಂಖ್ಯೆಯಲ್ಲ, ಐದು ಅಕ್ಷರಗಳ ಸಾಲು. ಅದನ್ನು ಸಂಖ್ಯೆ ಮಾಡುವುದು ನಮ್ಮ ಕೆಲಸ. ಅದಕ್ಕೆ ಸಿದ್ಧವಾಗಿ ಸಿಗುವ ಫಂಕ್ಷನ್, ಅಂದರೆ ಪ್ರೋಗ್ರಾಮಿನ ಒಂದು ತುಣುಕು, ಬಳಸಿದೆ. 43172 ಹೋಗಿ ಮೈನಸ್ 22364 ಆಯಿತು! ನಮ್ಮ ಯಂತ್ರದ ಸಾಮಾನ್ಯ ಸಂಖ್ಯೆ ಅರ್ಧ ಜಾಗವನ್ನು ಋಣ ಸಂಖ್ಯೆಗಳಿಗೆ ಬಿಟ್ಟುಕೊಟ್ಟಿರುತ್ತದೆ. 32767 ದಾಟಿದರೆ ಗಡಿಯಾರದ ಮುಳ್ಳಿನ ಹಾಗೆ ಸುತ್ತಿ ಆ ಕಡೆಯಿಂದ ಬರುತ್ತದೆ. ಸಂಘದವರು ಎಲ್ಲ ಬಗೆಯ ಅರ್ಜಿಗೂ ಒಂದೇ ಸರಣಿ ಇಟ್ಟಿರುವುದರಿಂದ ಸಂಖ್ಯೆಗಳು ನಲವತ್ತೈದು ಸಾವಿರದವರೆಗೆ ಹೋಗಿವೆ. ಅರ್ಜಿಗೆ ಮೈನಸ್ ಏಕೆ ಬೇಕು? ಋಣವನ್ನೇ ಒಪ್ಪದ ಬಗೆಯ ಸಂಖ್ಯೆ ಇಟ್ಟುಕೊಂಡರೆ 65535ರವರೆಗೆ ಜಾಗವಿದೆ. ಆದ್ದರಿಂದ ನನ್ನದೇ ಫಂಕ್ಷನ್ ಬರೆದೆ. ಹತ್ತೇ ಸಾಲು.

'4' ಎಂಬ ಅಕ್ಷರ ಯಂತ್ರದೊಳಗೆ 52. '0' ಎಂಬ ಅಕ್ಷರ 48. ಒಂದರಿಂದ ಇನ್ನೊಂದನ್ನು ಕಳೆದರೆ ನಿಜವಾದ ನಾಲ್ಕು. ಅದನ್ನು ಹತ್ತರಿಂದ ಗುಣಿಸಿ ಮುಂದಿನ ಅಂಕಿ ಕೂಡಿದರೆ ನಲವತ್ತಮೂರು. ಹೀಗೇ ಎಡದಿಂದ ಬಲಕ್ಕೆ, ಅಂಕಿಯಲ್ಲದ್ದು ಬರುವವರೆಗೆ. ಅಂಕಿಯಲ್ಲದ್ದು ಸಿಕ್ಕಿದರೆ ನಿಂತು, ಅಲ್ಲಿಯವರೆಗೆ ಆದದ್ದನ್ನು ಕೊಟ್ಟುಬಿಡುತ್ತದೆ. ಇಷ್ಟು ಅಚ್ಚುಕಟ್ಟಾದದ್ದನ್ನು ನಾನು ಈವರೆಗೆ ಮಾಡಿಲ್ಲ.

ಸಾರ್ ಓದಿ, "ಚೆನ್ನಾಗಿದೆ ಕಣಮ್ಮಾ. ಇನ್ಮೇಲೆ ಯಾರಾದ್ರೂ ಕೇಳಿದ್ರೆ ಟ್ರೈನಿ ಅನ್ಬೇಡ, ಪ್ರೋಗ್ರಾಮರ್ ಅನ್ನು" ಎಂದರು.

ಪ್ರೋಗ್ರಾಮರ್.

27 ಜುಲೈ, ಸೋಮವಾರ

ಅರ್ಜಿಗಳು ಮೂರು ಸಾವಿರ ಚಿಲ್ಲರೆ. ಸಾರ್ ಮತ್ತು ನಾನು ಎರಡು ಯಂತ್ರದಲ್ಲೂ ಟೈಪ್ ಮಾಡುತ್ತಿದ್ದರೂ ಶನಿವಾರಕ್ಕೆ ಮುಗಿಯುವುದಿಲ್ಲ. ಟೈಪಿಸ್ಟ್ ಹೆಂಗಸನ್ನು ಒಳಗೆ ಕೂರಿಸಲಾಗಿದೆ. ಹೆಸರು ಅನಂತಲಕ್ಷ್ಮಿ, ನಲವತ್ತರ ಹತ್ತಿರ, ಹೊಸಹಳ್ಳಿಯವರು. ಸರಿಯಾಗಿ ಮಾಡಿದರೆ ಖಾಯಂ ಆಪರೇಟರ್ ಮಾಡಿಕೊಳ್ಳುತ್ತೇನೆಂದು ಸಾರ್ ಹೇಳಿದ್ದಾರೆ. ಅರ್ಧ ಗಂಟೆ ಹೇಳಿಕೊಟ್ಟೆ: ಸಾಲು ಮುಗಿದರೆ ಎಂಟರ್, ತಪ್ಪಾದರೆ ಹಿಂದಕ್ಕೆ ಒಯ್ಯುವ ಕೀ, ತೆರೆ ಮುಟ್ಟಬಾರದು. ಆಕೆ ತಲೆಯಾಡಿಸಿ ಶುರುಮಾಡಿದರು. ಕೈ ನೋಡದೆ, ಅರ್ಜಿಯ ಮೇಲೇ ಕಣ್ಣಿಟ್ಟು, ನನ್ನ ಮೂರರಷ್ಟು ವೇಗ. ಸ್ವಲ್ಪ ಕಸಿವಿಸಿಯಾಯಿತು. ಒಂದು ಕಂತೆ ಪೂರ್ತಿ ಅವರಿಗೇ ಬಿಟ್ಟೆವು.

ಊಟದ ಹೊತ್ತಿನಲ್ಲಿ ಮಾತಿಗೆ ಕರೆದರು. ಪುಸ್ತಕ ಓದುತ್ತಿದ್ದೇನೆ ಎಂದೆ. ಮುಂದಿನ ವಾರದ ವರಮಹಾಲಕ್ಷ್ಮಿಗೆ ಅರಿಶಿನ ಕುಂಕುಮಕ್ಕೆ ಬರಬೇಕಂತೆ. ನೋಡೋಣ ಎಂದೆ.

1 ಆಗಸ್ಟ್, ಶನಿವಾರ

ಮುಗಿಯಿತು! ಪ್ರಿಂಟರ್ ಬೆಳಗಿನಿಂದ ಕಿರುಗುಟ್ಟಿ ಪಟ್ಟಿ ಹೊರಗೆ ಹಾಕಿತು. ನಾನು ಕೊನೆಯ ಹಾಳೆಯನ್ನೇ ಓಡಿಹೋಗಿ ನೋಡಿದ್ದು: ದೊಡ್ಡ ಸಂಖ್ಯೆಗಳು ಒಂದೂ ಮೈನಸ್ ಆಗದೆ ಸಾಲಾಗಿ ನಿಂತಿದ್ದವು. ಸಂಘದ ಕಾರ್ಯದರ್ಶಿ ಬೈರಯ್ಯ ಬಂದು ಕಟ್ಟು ಕಂಕುಳಲ್ಲಿಟ್ಟುಕೊಂಡು ಹೋದರು. ನಾಯಂಡಹಳ್ಳಿಯವರು. ಬಡಾವಣೆಗೆ ಜಮೀನು ಬಿಟ್ಟುಕೊಟ್ಟವರಲ್ಲಿ ಅವರ ದಾಯಾದಿಗಳೂ ಇದ್ದಾರಂತೆ. ಮಿಷನ್ನು ಸುಳ್ಳು ಹೇಳಲ್ಲ ಅನ್ನೋ ಧೈರ್ಯದ ಮೇಲೆ ತಗೊಂಡು ಹೋಗ್ತಾ ಇದೀನಿ ಎಂದರು. ಸಾರ್ ನನ್ನ ಕಡೆ ನೋಡಿ ಮುಗುಳ್ನಕ್ಕರು.

4 ಆಗಸ್ಟ್, ಮಂಗಳವಾರ

ಬೈರಯ್ಯ ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಕೂತಿದ್ದರು. ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ ಮೇಲೆ ಗಲಾಟೆ ಎದ್ದಿದೆ. ನಿನ್ನೆ ಮೊನ್ನೆ ಅರ್ಜಿ ಹಾಕಿದ ನೂರಕ್ಕೂ ಹೆಚ್ಚು ಜನ ಪಟ್ಟಿಯ ತಲೆಯ ಮೇಲೆ ಕೂತಿದ್ದಾರೆ. ಕೆಲವರ ಸಂಖ್ಯೆ ಎರಡು ಅಂಕಿ, ಕೆಲವರದು ಸೊನ್ನೆ. ಹದಿನೈದು ವರ್ಷ ಕಾದವರು ಅವರ ಕೆಳಗೆ.

ನಾನು ಮತ್ತು ಸಾರ್ ಪರಿಶೀಲಿಸಿದೆವು. ನಾವಿಬ್ಬರೂ ಟೈಪ್ ಮಾಡಿದ ಕಂತೆಗಳಲ್ಲಿ ಒಂದೂ ತಪ್ಪಿಲ್ಲ. ಎಲ್ಲ ತಪ್ಪೂ ಟೈಪಿಸ್ಟ್ ಕಂತೆಯಲ್ಲಿ. ಸಾರ್ ಆಕೆಯನ್ನು ಕರೆದು ಕೇಳಿದರು. ಅರ್ಜಿಯಲ್ಲಿದ್ದ ಹಾಗೇ ಹೊಡೆದಿದ್ದೇನೆ, ತೆರೆಯ ಮೇಲೆ ನೋಡಿಯೇ ಎಂಟರ್ ಒತ್ತಿದ್ದೇನೆ ಎಂದರು. ಕೈತಪ್ಪು ಇರಬಹುದು ಎಂದು ಸಾರ್ ಹೇಳುತ್ತಿದ್ದಾಗ ನಾನು ಮೊದಲ ಬಾರಿಗೆ ಹೊರಗಿನವರ ಮುಂದೆ ಬಾಯಿ ತೆರೆದೆ. ಕೈತಪ್ಪಾದರೆ ಕೆಲವರ ಸಂಖ್ಯೆ ದೊಡ್ಡದಾಗಬೇಕು, ಕೆಲವರದು ಚಿಕ್ಕದಾಗಬೇಕು. ಇಲ್ಲಿ ಎಲ್ಲರದೂ ಚಿಕ್ಕದೇ ಆಗಿದೆ. ಒಬ್ಬರೂ ಕೆಳಗೆ ಹೋಗಿಲ್ಲ. ಆಕಸ್ಮಿಕ ಹೀಗೆ ಒಂದೇ ದಿಕ್ಕಿಗೆ ನಡೆಯುವುದಿಲ್ಲ.

ಬೈರಯ್ಯ ನಿಧಾನವಾಗಿ, "ಹಂಗಾದ್ರೆ ಬೇಕೂಂತ್ಲೇ ಮಾಡಿರೋದು ಅನ್ನಿ" ಎಂದರು. ಪಟ್ಟಿ ತಿರುವಿ ಸೊನ್ನೆಯವರಲ್ಲಿ ಒಂದು ಹೆಸರಿನ ಮೇಲೆ ಬೆರಳಿಟ್ಟರು. ಸೇತುರಾಮ, ಹೊಸಹಳ್ಳಿ. ಆಕೆಯ ಗಂಡ.

ಸಾರ್ ಆಕೆಗೆ ನಾಳೆಯಿಂದ ಬರಬೇಡಿ ಎಂದರು. ಭಾನುವಾರ ಸಂಘದ ಸಭೆ. ಪೊಲೀಸ್ ದೂರು ಕೊಡುವುದೋ ಬೇಡವೋ, ಸೇತುರಾಮ ಅವರ ಅರ್ಜಿ ರದ್ದು ಮಾಡುವುದೋ ಬೇಡವೋ, ಅಲ್ಲಿ ನಿರ್ಧಾರ.

ನನ್ನ ತರ್ಕವನ್ನು ಎಲ್ಲರೂ ಒಪ್ಪಿದರು. ಅದರಲ್ಲಿ ಎಲ್ಲೂ ಬಿರುಕಿಲ್ಲ.

5 ಆಗಸ್ಟ್, ಬುಧವಾರ

ಬಿಲ್ ಟೈಪ್ ಮಾಡಲು ಜನವಿಲ್ಲ. ಹೊರಗಿನ ಕೋಣೆ ನಿಶ್ಶಬ್ದ. ಓದಲು ಕೂತರೆ ಅದೇ ಪುಟ ಮತ್ತೆ ಮತ್ತೆ.

6 ಆಗಸ್ಟ್, ಗುರುವಾರ

ಅಕ್ಷರ ಸೊಟ್ಟಗಾದರೂ ಈಗಲೇ ಬರೆದುಬಿಡುತ್ತೇನೆ.

ಬೈರಯ್ಯನವರ ಕಡೆಯಿಂದ ಅನಂತಲಕ್ಷ್ಮಿಯವರ ಕಂತೆಯ ಮೂಲ ಅರ್ಜಿಗಳು ವಾಪಸು ಬಂದಿದ್ದವು, ಪಟ್ಟಿ ಸರಿಮಾಡಲು. ಅರ್ಜಿಯಲ್ಲಿದ್ದ ಸಂಖ್ಯೆ, ಪಟ್ಟಿಯಲ್ಲಿ ಬಂದ ಸಂಖ್ಯೆ, ಎರಡನ್ನೂ ಪಕ್ಕಪಕ್ಕ ಇಡುತ್ತಾ ಹೋದೆ.

43172 ಇದ್ದದ್ದು 43.
35018 ಇದ್ದದ್ದು 350.
24610 ಇದ್ದದ್ದು 246.
18420, ಅಂದರೆ ಸೇತುರಾಮ ಅವರದು, ಸೊನ್ನೆ.

ಮೋಸ ಮಾಡುವವರು ಇಷ್ಟು ಕಷ್ಟಪಡುವುದೇಕೆ? ಒಂದು ಕಡೆ ಎರಡಂಕಿ, ಒಂದು ಕಡೆ ಮೂರಂಕಿ. ಆಮೇಲೆ ಕಂಡಿತು. ಬಾಲ ಕತ್ತರಿಸಿದ್ದು ಎಲ್ಲೆಂದರಲ್ಲಿ ಅಲ್ಲ. ಪ್ರತಿ ಸಲವೂ ಒಂದು ಎಂಬ ಅಂಕಿ ಮೊದಲು ಬರುವ ಜಾಗದಲ್ಲೇ! ಮಿಕ್ಕ ಅರ್ಜಿಗಳನ್ನೂ ನೋಡಿದೆ. ಒಂದು ಇಲ್ಲದ ಸಂಖ್ಯೆಗಳೆಲ್ಲ ಕ್ಷೇಮ. ಒಂದು ಇದ್ದದ್ದು ಒಂದೂ ಉಳಿದಿಲ್ಲ.

ನನ್ನ ಹತ್ತು ಸಾಲು ಅಲ್ಲಿಗೆ ಬಂದು ನಿಂತಿದೆ. ಅಂಕಿಯಲ್ಲದ್ದು ಸಿಕ್ಕಿದರೆ ಮಾತ್ರ ಅದು ನಿಲ್ಲುತ್ತದೆ. ನಿಂತ ಮೇಲೆ ಯಾರಿಗೂ ಹೇಳದೆ ಕೈಯಲ್ಲಿದ್ದ ಅರ್ಧ ಸಂಖ್ಯೆ ಕೊಟ್ಟು ಸುಮ್ಮನಾಗುತ್ತದೆ. ಬಾಲ ಹೋದ ಸಂಖ್ಯೆ ಯಾವಾಗಲೂ ಚಿಕ್ಕದೇ; ದೊಡ್ಡದಾಗುವುದು ಸಾಧ್ಯವೇ ಇಲ್ಲ. ಎಲ್ಲರೂ ಮೇಲಕ್ಕೇ ಹೋದದ್ದು ಅದಕ್ಕೆ.

ಹಾಗಾದರೆ ಒಂದು ಇರಬೇಕಾದ ಜಾಗದಲ್ಲಿ ಇದ್ದದ್ದೇನು? ಆಕೆ ನೋಡಿಯೇ ಒತ್ತಿದೆ ಎಂದರು. ಒಂದರ ಹಾಗೆ ಕಂಡು ಒಂದಲ್ಲದ್ದು ಏನದು? ಫೈಲಿನಲ್ಲಿ ಸಂಖ್ಯೆ ಮಾತ್ರ ಉಳಿದಿದೆ. ಆಕೆ ಒತ್ತಿದ ಅಕ್ಷರಗಳು ಎಲ್ಲಿಯೂ ಇಲ್ಲ.

ನಾಳೆ ವರಮಹಾಲಕ್ಷ್ಮಿ. ಕರೆದಿದ್ದರು. ಈಗ ಹೋಗಬಹುದೇ ಎಂದು ಅಮ್ಮನನ್ನು ಕೇಳಿದೆ, ಕಾರಣ ಹೇಳದೆ. ಕುಂಕುಮಕ್ಕೆ ಕರೆದ ಮೇಲೆ ಹೋಗದಿರುವುದುಂಟೇ ಎಂದಳು. ಲೈಬ್ರರಿ ಪುಸ್ತಕದ ತಾರೀಖು ದಾಟಿದೆ ಎಂದೂ ಹೇಳಿದಳು. ದಾಟಲಿ.

7 ಆಗಸ್ಟ್, ಶುಕ್ರವಾರ

ಸಿಕ್ಕಿತು! ಸಿಕ್ಕಿತು!

ಸಮಾಧಾನವಾಗಿ ಬರೆಯಬೇಕು. ವಿಜಯನಗರದಲ್ಲಿ ಇಳಿದು ಹೊಸಹಳ್ಳಿಯವರೆಗೆ ನಡೆದೆ. ಒಂದು ಕೋಣೆ, ಅಡುಗೆಮನೆ. ಅನಂತಲಕ್ಷ್ಮಿಯವರು ಬಾಗಿಲು ತೆರೆದರು. ಹಬ್ಬದ ದಿನ ಹೊಸ್ತಿಲಲ್ಲಿ ನಿಲ್ಲಬಾರದು, ಒಳಗೆ ಬನ್ನಿ ಮೇಡಂ ಎಂದರು. ಮೇಜಿನ ಮೇಲೆ ಕಳಶ. ಆ ಮೇಜಿನ ಮೇಲಿರುತ್ತಿದ್ದ ಟೈಪ್‌ರೈಟರ್ ಮಂಚದ ಮೇಲೆ ಟವೆಲ್ ಹೊದ್ದು ಕೂತಿತ್ತು. ಸಂಜೆ ಹೊತ್ತು ಕಾಲೇಜು ಹುಡುಗರ ಪ್ರಬಂಧ ಟೈಪ್ ಮಾಡಿಕೊಡುತ್ತಾರಂತೆ.

ಗಂಡ ಸೇತುರಾಮ ಅವರು ನಾಯಂಡಹಳ್ಳಿಯ ವರ್ಕ್‌ಷಾಪಿನಲ್ಲಿ ಫಿಟ್ಟರ್. ಮಂಚದ ತುದಿಯಿಂದ ಏಳಲಿಲ್ಲ.

"ನನ್ ನಂಬರ್ ಸೊನ್ನೆ ಅಂತಲ್ಲಾ ಮೇಡಂ," ಎಂದರು. "ಅದೇನು ಹೊಸದಲ್ಲ ಬಿಡಿ. ಮದುವೆ ಆದಾಗ್ಲಿಂದ ಈ ಮನೇಲಿ ನನ್ ನಂಬರ್ ಅದೇ."

"ರೀ, ಸುಮ್ನಿರಿ," ಎಂದರು ಆಕೆ.

ಕುಂಕುಮ ಇಟ್ಟರು, ತಾಂಬೂಲ ಕೊಟ್ಟರು. ಏನು ಹೇಳಿ ಶುರುಮಾಡಬೇಕೆಂದು ತಿಳಿಯದೆ ನೇರವಾಗಿ ಕೇಳಿಬಿಟ್ಟೆ: ಒಂದು ಸಂಖ್ಯೆ ಟೈಪ್ ಮಾಡಿ ತೋರಿಸುತ್ತೀರಾ? ಸೇತುರಾಮ ಅವರ ಮುಖ ಬಿಗಿಯಾಯಿತು. ಮನೆಗೆ ಬಂದು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಂಡರು. ಆಕೆ ಮಾತ್ರ ಟವೆಲ್ ತೆಗೆದು, ಹಾಳೆ ಏರಿಸಿ, ಅರಿಶಿನದ ಬೆರಳು ಸೆರಗಿಗೆ ಒರೆಸಿಕೊಂಡು, ಎಷ್ಟು ಎಂದರು. ನಲವತ್ತಮೂರು ಸಾವಿರದ ನೂರ ಎಪ್ಪತ್ತೆರಡು ಎಂದೆ.

ನಾನು ಹಾಳೆ ನೋಡಲಿಲ್ಲ, ಬೆರಳು ನೋಡಿದೆ. ನಾಲ್ಕು, ಮೂರು ಮೇಲಿನ ಸಾಲಿನಲ್ಲಿ. ಆಮೇಲೆ ಬಲಗೈ ಉಂಗುರದ ಬೆರಳು ಇದ್ದಲ್ಲೇ ಒಮ್ಮೆ ಕುಸಿದು ಎದ್ದಿತು. ಮೇಲಕ್ಕೆ ಹೋಗಲೇ ಇಲ್ಲ.

"ಈಗ ಒಂದಕ್ಕೆ ಯಾವುದು ಒತ್ತಿದ್ರಿ?"

"ಇದು." ಇಂಗ್ಲಿಷಿನ ಚಿಕ್ಕ ಎಲ್ ತೋರಿಸಿದರು.

"ಅದು ಎಲ್ ಅಲ್ವಾ?"

"ಒಂದಕ್ಕೂ ಅದೇ ಮೇಡಂ. ಈ ಮಿಷನ್ನಲ್ಲಿ ಒಂದಕ್ಕೆ ಬೇರೆ ಕೀ ಇಲ್ಲ. ನೋಡಿ ಬೇಕಾದ್ರೆ, ಎರಡರಿಂದ ಶುರು. ಇನ್‌ಸ್ಟಿಟ್ಯೂಟ್‌ನಲ್ಲಿ ಹೇಳ್ಕೊಟ್ಟಿದ್ದೇ ಹಾಗೆ. ಇಪ್ಪತ್ತು ವರ್ಷದಿಂದ ಹಾಗೇ ಹೊಡೀತಾ ಇದೀನಿ. ಯಾಕೆ?"

ಬಗ್ಗಿ ನೋಡಿದೆ. ಮೇಲಿನ ಸಾಲು ನಿಜವಾಗಿಯೂ ಎರಡರಿಂದಲೇ ಶುರುವಾಗಿತ್ತು. ಕಾಗದದ ಮೇಲೆ ಎಲ್‌ಗೂ ಒಂದಕ್ಕೂ ವ್ಯತ್ಯಾಸವಿಲ್ಲ, ಆದ್ದರಿಂದ ಯಾರೂ ಎಂದೂ ಕೇಳಿಲ್ಲ. ನಮ್ಮ ಹಸಿರು ತೆರೆಯ ಮೇಲೂ ಅದು ಒಂದರ ಹಾಗೇ ಕಾಣುತ್ತದೆ. ಯಂತ್ರಕ್ಕೆ ಮಾತ್ರ ಒಂದು ಎಂದರೆ 49, ಎಲ್ ಎಂದರೆ 108. ಎಂಟರ್ ಹೇಳಿಕೊಟ್ಟೆ, ತೆರೆ ಮುಟ್ಟಬೇಡಿ ಎಂದು ಹೇಳಿಕೊಟ್ಟೆ. ಒಂದಕ್ಕೆ ಒಂದನ್ನೇ ಒತ್ತಿ ಎಂದು ಹೇಳಬೇಕಾಗುತ್ತದೆಂದು ಹೊಳೆಯಲಿಲ್ಲ.

ಜೋರಾಗಿ ನಕ್ಕುಬಿಟ್ಟೆ, ಆ ಮನೆಯಲ್ಲಿ, ಆ ದಿನ. ಅವರ ಕೈ ಹಿಡಿದುಕೊಂಡು ಎಲ್ಲ ಹೇಳಿದೆ, ನನ್ನ ಫಂಕ್ಷನ್ ಹೇಗೆ ನಿಲ್ಲುತ್ತದೆ ಎನ್ನುವುದನ್ನೂ. ಸೇತುರಾಮ ಅವರಿಗೆ ಮೊದಲು ಅರ್ಥವಾಯಿತು. ತಗಡು ಕತ್ತರಿಸುವ ಪ್ರೆಸ್ಸಿನಲ್ಲಿ ತಗಡು ಸರಿಯಾಗಿ ಕೂರದಿದ್ದರೆ ಮಿಷನ್ ನಿಲ್ಲಬೇಕು, ನಿಂತು ಕೂಗಬೇಕು. ನಿಮ್ಮದು ಅರ್ಧ ತಗಡು ಕತ್ತರಿಸಿ ಬುಟ್ಟಿಗೆ ಹಾಕಿ ಆಯಿತು ಅಂದಿದೆ ಎಂದರು. ಹೌದು, ಹಾಗೇ.

ಎಲ್ ಬಂದರೆ ಅದನ್ನು ಒಂದು ಎಂದೇ ತಿಳಿದುಕೊಳ್ಳುವ ಹಾಗೆ ಮಾಡಲಾ ಎಂದು ಕೇಳಿದೆ. ಆಕೆ ಯೋಚಿಸಿದರು.

"ಬೇಡ. ನನಗೆ ಗೊತ್ತಿಲ್ಲದ ಹಾಗೆ ನನ್ ತಪ್ಪು ಅದ್ಯಾಕೆ ತಿದ್ಬೇಕು? ಹೇಳ್ಲಿ. ಹೇಳಿದ್ರೆ ನಾನೇ ತಿದ್ಕೋತೀನಿ. ಕೈ ಅಲ್ವಾ, ಎರಡು ದಿನದಲ್ಲಿ ಕಲಿಯುತ್ತೆ."

ಕೋಸಂಬರಿ, ಒಬ್ಬಟ್ಟು ತಿಂದೆ. ಎರಡನೆಯ ಒಬ್ಬಟ್ಟು ನಾನೇ ಕೇಳಿ ಹಾಕಿಸಿಕೊಂಡೆ. ಹೊರಡುವಾಗ ಆಕೆ ಬೀದಿಯ ತಿರುವಿನವರೆಗೆ ಬಂದು, ಮೇಡಂ ಎನ್ನುವುದನ್ನು ಯಾವಾಗ ಬಿಟ್ಟರೋ, "ಹುಷಾರಾಗಿ ಹೋಗೇ ಪ್ರಭಾ" ಎಂದರು.

8 ಆಗಸ್ಟ್, ಶನಿವಾರ, ಸಂಜೆ

ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಹೊಸ ಫಂಕ್ಷನ್ ಬರೆದೆ. ನಡುವೆ ಕರೆಂಟ್ ಹೋಗಿ ಅರ್ಧ ಅಳಿಸಿತು, ಮತ್ತೆ ಬರೆದೆ. ಈಗ ಹತ್ತು ಸಾಲಲ್ಲ, ಮೂವತ್ತರ ಮೇಲಿದೆ, ಅಚ್ಚುಕಟ್ಟಾಗಿಯೂ ಇಲ್ಲ. ಆದರೆ ಸಂಖ್ಯೆಯ ಜೊತೆಗೆ, ಓದು ಎಲ್ಲಿ ನಿಂತಿತು ಎಂಬುದನ್ನೂ ಹೇಳುತ್ತದೆ. ಸಾಲಿನ ಕೊನೆಯಲ್ಲಿ ನಿಂತಿದ್ದರೆ ಸರಿ. ನಡುವೆ ನಿಂತಿದ್ದರೆ ಬೀಪ್ ಎಂದು ಕೂಗಿ, ನಿಂತ ಅಕ್ಷರದ ಕೆಳಗೆ ಗುರುತು ಹಾಕಿ ಕಾಯುತ್ತದೆ. ಏನೂ ಒತ್ತದೆ ಎಂಟರ್ ಒತ್ತಿದರೂ ಕೂಗುತ್ತದೆ. ಮೈನಸ್ ಬಂದರೆ ಕೂಗುತ್ತದೆ. 65535 ದಾಟಿದರೆ ಸುತ್ತಿಬರುವ ಮೊದಲೇ ಕೂಗುತ್ತದೆ. ಬೆಳಗ್ಗೆಯೆಲ್ಲ ಬೇಕೆಂದೇ ತಪ್ಪು ಒತ್ತಿ ಒತ್ತಿ ಕೂಗಿಸಿದೆ. ಅಷ್ಟು ಸಂತೋಷ ಮೊದಲ ಹತ್ತು ಸಾಲು ಬರೆದ ದಿನವೂ ಆಗಿರಲಿಲ್ಲ.

ಸಾರ್ ಬಂದಾಗ ಎರಡನ್ನೂ ತೋರಿಸಿದೆ. ಎಲ್ ಹಾಕಿ 43172 ಒತ್ತಿದರೆ ಹಳೆಯದು 43 ಎಂದಿತು, ಹೊಸದು ಕೂಗಿತು. ಅವರಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಭಲೇ ಎಂದರು. ಕುರ್ಚಿ ಎಳೆದುಕೊಂಡು ತಾವೂ ಎರಡು ಮೂರು ಸಲ ಕೂಗಿಸಿದರು. ಆಮೇಲೆ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು.

"ನೋಡಮ್ಮ, ನಾಳೆ ಸಭೆಗೆ ನಾನೊಂದು ಕಾಗದ ಕೊಡ್ತೀನಿ. ಆಪರೇಟರ್ ಅಜಾಗರೂಕತೆಯಿಂದ ಆಗಿದೆ, ಮೋಸ ಅಲ್ಲ ಅಂತ. ಪೊಲೀಸ್ ಗೀಲೀಸ್ ಏನೂ ಆಗಲ್ಲ. ಆಯಮ್ಮನ್ನ ಬಿಟ್ಟಿದೀವಿ ಅಂತಾನೂ ಹಾಕ್ತೀನಿ, ಅಲ್ಲಿಗೆ ಮುಗೀತು."

"ಅವರದು ಅಜಾಗರೂಕತೆ ಅಲ್ವಲ್ಲ ಸಾರ್. ನನ್ನ ಫಂಕ್ಷನ್..."

"ನಿನ್ನ ಫಂಕ್ಷನ್ ಅಂದ್ರೆ ನನ್ನ ಆಫೀಸು. ಈ ಏರಿಯಾದಲ್ಲಿ ಕಂಪ್ಯೂಟರ್ ಅಂತ ನಂಬಿ ಬಂದಿರೋ ಮೊದಲನೇ ಸಂಘ ಇದು. ಕಂಪ್ಯೂಟರ್ರೇ ತಪ್ಪು ಮಾಡ್ತು ಅಂತ ಒಂದ್ಸಲ ಬಾಯಿಗೆ ಬಿದ್ರೆ, ಇನ್ಯಾರು ಬರ್ತಾರೆ ಹೇಳು? ನೀನು ನಾಳೆ ಬರೋದೇನೂ ಬೇಡ. ನಾನು ನೋಡ್ಕೋತೀನಿ."

ಹೊರಗಿನ ಕೋಣೆಗೆ ಹೋಗಿ, ಟೈಪ್ ಮಾಡಲು ಬೇರೆ ಯಾರೂ ಇಲ್ಲದ್ದರಿಂದ ತಾವೇ ಎರಡು ಬೆರಳಲ್ಲಿ ಕಾಗದ ಕುಟ್ಟತೊಡಗಿದರು. ತಾರೀಖಿನ ಇಸವಿಗೆ ಬಂದಾಗ ಬೆರಳು ಮೇಲಿನ ಸಾಲಿನಲ್ಲಿ ಆಚೆಗೆ ಈಚೆಗೆ ಹೋಗಿ, ತಡೆದು, ಕೊನೆಗೆ ಎಲ್ ಮೇಲೆ ಇಳಿಯಿತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಅವರು ಒಂಬತ್ತು ಒತ್ತಿದರು.

ಅವರು ಕೆಟ್ಟವರಲ್ಲ. ನನಗೆ ಕೆಲಸ ಕಲಿಸಿದವರು. ಆ ಕಾಗದವನ್ನು ಓದಿದರೆ ಪೊಲೀಸರೂ ಬರುವುದಿಲ್ಲ, ನಿಜ. ಆದರೆ ಅಜಾಗರೂಕತೆ ಎಂದು ಬರೆಸಿಕೊಂಡ ಟೈಪಿಸ್ಟನ್ನು ಈ ಕಡೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಸೇತುರಾಮ ಅವರ ಅರ್ಜಿ ಸಭೆಯಲ್ಲಿ ಉಳಿಯುತ್ತದೆ ಎಂದು ಯಾರು ಹೇಳಬಲ್ಲರು? ಮಂಗಳವಾರ ಆ ಕೋಣೆಯಲ್ಲಿ ಮೋಸ ಎಂಬ ಮಾತು ಹುಟ್ಟಿದ್ದು ಬೈರಯ್ಯನವರ ಬಾಯಲ್ಲಲ್ಲ. ಅದಕ್ಕಿಂತ ಒಂದು ವಾಕ್ಯ ಮುಂಚೆ, ನನ್ನ ಬಾಯಲ್ಲಿ.

ಆಫೀಸಿನಿಂದ ಮನೆಗೆ ಬರದೆ ಹೊಸಹಳ್ಳಿಗೆ ಹೋದೆ. ಅನಂತಲಕ್ಷ್ಮಿ ಅಕ್ಕ ಇರಲಿಲ್ಲ, ಸೇತುರಾಮ ಅವರಿದ್ದರು. ಕಾಗದದ ವಿಷಯ ಹೇಳಿದೆ. ಟೈಪ್‌ರೈಟರ್ ಒಂದು ದಿನಕ್ಕೆ ಕೊಡುತ್ತೀರಾ ಎಂದು ಕೇಳಿದೆ. ಅವರು ನನ್ನನ್ನೂ ಯಂತ್ರವನ್ನೂ ನೋಡಿ, "ನಿಮ್ಮ ಕೈಲಿ ಎತ್ತಕ್ಕಾಗಲ್ಲ. ನಾನೇ ಆಟೋದಲ್ಲಿ ತರ್ತೀನಿ" ಎಂದರು. ನಿಮ್ಮ ಕೆಲಸ ಹೋಗುತ್ತಲ್ಲ ಎಂದೂ ಕೇಳಿದರು. ಹೋಗಬಹುದು ಎಂದೆ.

ಸಭೆ ಬೆಳಗ್ಗೆ ಹತ್ತಕ್ಕೆ, ವಿಜಯನಗರದಲ್ಲಿ. ನನ್ನನ್ನು ಯಾರೂ ಕರೆದಿಲ್ಲ. ಹೋಗುತ್ತೇನೆ. ಸಾರ್ ಕಾಗದ ಓದುವ ಮೊದಲು ಟೈಪ್‌ರೈಟರನ್ನು ಬೈರಯ್ಯನವರ ಮುಂದೆ ಇಡಿಸಿ, ಸೇತುರಾಮ ಅವರ ಅರ್ಜಿ ಸಂಖ್ಯೆಯನ್ನು ನೀವೇ ಹೊಡೆಯಿರಿ ಎನ್ನುತ್ತೇನೆ. ಹದಿನೆಂಟು ಸಾವಿರದ ನಾಲ್ಕುನೂರ ಇಪ್ಪತ್ತು. ಮೊದಲ ಅಂಕಿಯನ್ನು ಅವರು ಹುಡುಕುವಷ್ಟು ಹೊತ್ತು ಸುಮ್ಮನಿರುತ್ತೇನೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ: ಆ ಸಂಖ್ಯೆಗಳನ್ನು ಕತ್ತರಿಸಿದ್ದು ನಾನು.